ಇಲವಾಲದ ತೆನೆ

ಸೆಲ್ವಮೇರಿ ಪಕ್ಕದ ಮನೆಯ ಜಗಲಿಯ ಕೆಳಗೇ ನಿಂತುಬಿಟ್ಟಳು. ಕೈಯಲ್ಲಿದ್ದದ್ದು ನಿನ್ನೆ ಸಂಜೆ ಸುಂದರಮ್ಮ ಸಂಕ್ರಾಂತಿಯ ಎಳ್ಳು ತುಂಬಿ ಕೊಟ್ಟುಹೋದ ಹಿತ್ತಾಳೆ ಬಟ್ಟಲು. ಅದನ್ನು ಬರಿದಾಗಿ ಹಿಂದಿರುಗಿಸುವ ಹಾಗಿಲ್ಲ. ಹೋದ ವರ್ಷ ಸಿಹಿ ಪೊಂಗಲ್ ಮಾಡಿ ತುಂಬಿಸಿ ಕೊಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಸುಂದರಮ್ಮನ ಅತ್ತೆ ಗಿರಿಜಾಂಬಾ ಅದನ್ನು ಹಸುವಿನ ಮುಂದೆ ಸುರಿದದ್ದು ಹಿತ್ತಿಲ ಬೇಲಿಯ ಸಂದಿಯಲ್ಲಿ ಕಂಡಿತ್ತು. ಆಮೇಲೆ ವರ್ಷವಿಡೀ ಸೆಲ್ವಮೇರಿ ಈ ಕಡೆ ಸುಳಿದಿರಲಿಲ್ಲ.

ಈ ಸಲ ತಂದದ್ದು ಇಲವಾಲದ ಅಣ್ಣ ಇನ್ನಾಸಿಮುತ್ತುವಿನ ಗದ್ದೆಯ ಭತ್ತದ ತೆನೆ, ಒಂದು ಹಿಡಿ. ಇದೂ ಹಸುವಿನ ಪಾಲಾದರೆ ಮುಂದಿನ ವರ್ಷ ಎಳ್ಳು ಬೇಡವೆಂದೇ ಹೇಳಿಬಿಡುವುದೆಂದು ನಿಶ್ಚಯಿಸಿಕೊಂಡಿದ್ದಳು.

ಹೊರಗೆ ಬಂದವರು ಗಿರಿಜಾಂಬಾ.

"ಏನೇ ಅದು?"

"ಹೊಸ ಭತ್ತ ದೊಡ್ಡಮ್ಮಾವ್ರೇ. ಬೇಯಿಸಿದ್ದಲ್ಲ."

"ನಂಗೂ ಕಣ್ಣಿದೆ ಕಣೇ. ಕೆಂಪು ದಾರ ಯಾಕೆ ಕಟ್ಟಿದೀಯ?"

ಹಿಂದೆ ಬಂದು ನಿಂತ ಸುಂದರಮ್ಮ ಹೇಳಬೇಡವೆಂಬಂತೆ ಕಣ್ಸನ್ನೆ ಮಾಡಿದಳು. "ಚೆಂದಕ್ಕೆ ಕಟ್ಟಿರ್ತಾಳೆ ಬಿಡಿ ಅತ್ತೆ."

ಸೆಲ್ವಮೇರಿ ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಇಲ್ಲ ಸುಂದರಮ್ಮೋರೇ. ಭಾನುವಾರ ಚರ್ಚಲ್ಲಿ ಮಾತೆ ಪಾದದ ಹತ್ರ ಇಟ್ಟಿದ್ವಿ. ಸ್ವಾಮಿಯೋರು ತೀರ್ಥ ಚಿಮುಕಿಸಿ, ದಾರ ಕಟ್ಟಿ ಕೊಟ್ರು."

"ಆ ಕೆಂಪು ಗಡ್ಡದೋರಾ?"

"ಹೂಂ. ಅವರ ಊರು ಫ್ರಾನ್ಸಲ್ಲೂ ಸುಗ್ಗೀಲಿ ಇಂಗೇ ಇಡ್ತಾರಂತೆ. ಗೋಧಿ ತೆನೆ, ದ್ರಾಕ್ಷಿ ಗೊಂಚಲು."

"ಭತ್ತ ಬೆಳೆಯಲ್ವಂತಾ?"

"ಅವರೂರಲ್ಲಿ ಇಲ್ವಂತೆ."

"ಅಯ್ಯೋ ಪಾಪ! ಮತ್ತೆ ಮಜ್ಜಿಗೆಗೆ ಏನು ಕಲಸ್ಕೋತಾರೆ?"

ಸುಂದರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೆಲ್ವಮೇರಿಗೆ ನಗು ಬರಲಿಲ್ಲ. ಹಿತ್ತಿಲಲ್ಲಿ ಹಸು ಒಮ್ಮೆ ಕೂಗಿತು.

"ಅಲ್ಲಿಡು," ಎಂದರು ಗಿರಿಜಾಂಬಾ.

ಅವಳು ಬಟ್ಟಲನ್ನು ಜಗಲಿಯ ಅಂಚಿನಲ್ಲಿಟ್ಟು ಹಿಂದೆ ಸರಿದಳು. ಗಿರಿಜಾಂಬಾ ಮೊಣಕಾಲು ಹಿಡಿದುಕೊಂಡು ಬಾಗಿ, ಒಂದು ತೆನೆಯನ್ನೆತ್ತಿ ಬಿಸಿಲಿಗೆ ಹಿಡಿದರು. ಒಂದು ಕಾಳು ಕಿತ್ತು ಉಗುರಿನಿಂದ ಹೊಟ್ಟು ಬಿಡಿಸಿದರು. ಬೆಳ್ಳಗಿನ ಅಕ್ಕಿ ಅಂಗೈಯಲ್ಲಿ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅದನ್ನು ಬಾಯಿಗೆ ಹಾಕಿಕೊಂಡರು.

ಅವರಿಗೆ ಮುಂದಿನ ಹಲ್ಲುಗಳಿರಲಿಲ್ಲ. ಕಾಳನ್ನು ಎಡದವಡೆಗೆ ಸರಿಸಿಕೊಂಡು, ಬೀದಿಯನ್ನು ನೋಡುತ್ತ, ನಿಧಾನವಾಗಿ ಅಗಿಯತೊಡಗಿದರು.