ಪದ್ಮಕ್ಕ ಅಳಲಿಲ್ಲ

ಮರಿಸ್ವಾಮಿಯ ಮೊದಲ ಕಥೆ ವಾರಪತ್ರಿಕೆಯಲ್ಲಿ ಅಚ್ಚಾದ ವಾರವೇ ಅವನ ಅಕ್ಕ ಪದ್ಮ ಸಿಂಧಘಟ್ಟದಿಂದ ಬಸ್ಸು ಹಿಡಿದು ಪಾಂಡವಪುರದ ಅವನ ಬಾಡಿಗೆ ಮನೆಗೆ ಬಂದಳು. ತೊಂಬತ್ತೊಂದರಲ್ಲಿ, ಧಾರೆಗೆ ಮುಂಚೆ ಹೊಣಕೆರೆಯ ವರ ಹಸೆಮಣೆಯಿಂದ ಎದ್ದು ಹೋಗಿ ಅವಳ ಮದುವೆ ಮುರಿದಿತ್ತು. ಮರಿಸ್ವಾಮಿ ಅದನ್ನೇ ಆ ವರನ ಕಣ್ಣಿನಿಂದ, ಅವನ ಸಂಕಟವಾಗಿ ಬರೆದಿದ್ದ.

"ಎದ್ದೋದೋನ ಎದೇಲಿ ಏನಿತ್ತು ಅಂತ ಇಷ್ಟುದ್ದ ಬರ್ದಿದ್ದೀಯ. ಪಕ್ಕದಲ್ಲೇ ಕುಂತಿದ್ದೋಳ ಒಂದ್ಮಾತು ಕೇಳ್ಬೇಕು ಅನ್ನುಸ್ನಿಲ್ವೇನ್ಲಾ?"

"ನಿನ್ ಕಡೆಯಿಂದ ಬರುದ್ರೆ ಬರೀ ಗೋಳಾಗ್ತದೆ ಕಣಕ್ಕ."

"ಗೋಳಾಡ್ದೋರು ಯಾರ್ಲಾ? ಅತ್ತಿದ್ದು ಅಪ್ಪ. ನಂಗೆ ಮೈಯೆಲ್ಲ ಉರೀತಿತ್ತು, ಹೊಟ್ಟೇನೂ ಹಸ್ದಿತ್ತು. ಬಾಸಿಂಗ ಕಿತ್ತಾಕಿ ಪಂಕ್ತೀಲಿ ಕುಂತು ಉಂಡೆ. ಅದ ಯಾಕ್ಲಾ ಬರೀನಿಲ್ಲ?"

ಅವಳು ಊರಿಗೆ ಹೋದ ಮೇಲೆ ಮರಿಸ್ವಾಮಿ ಅದೇ ಕಥೆಯನ್ನು ಅವಳ ಕಡೆಯಿಂದ ಬರೆದು, ಸಿಂಧಘಟ್ಟಕ್ಕೆ ಒಯ್ದು ತೋರಿಸಿದ. ಕೊನೆಯಲ್ಲಿ ಹೇಗೋ ಎರಡು ಹನಿ ಕಣ್ಣೀರು ನುಸುಳಿತ್ತು. ಪದ್ಮ ಎದುರಿಗೆ ಕೂತು ಅದನ್ನು ಹೊಡೆದುಹಾಕಿಸಿದಳು. ಆಗ ಕಥೆ ನೆಟ್ಟಗೆ ನಿಂತಿತು; ಅದು ಅವನಿಗೂ ಗೊತ್ತಾಯಿತು.

ಪತ್ರಿಕೆಯವರು ಒಂದೇ ಕಥೆಯನ್ನು ಎರಡು ಸಲ ಹಾಕುವುದಿಲ್ಲವೆಂದು ವಾಪಸು ಕಳಿಸಿದರು. ಸಿಂಧಘಟ್ಟದಲ್ಲಿ ಮೊದಲನೆಯದನ್ನಷ್ಟೇ ಓದಿದವರು "ಪಾಪ, ಆ ಹುಡ್ಗ" ಎನ್ನುತ್ತಲೇ ಇದ್ದರು. ಹಾಗೆಂದವರನ್ನು ಪದ್ಮ ಬಿಡಲಿಲ್ಲ. ಕೈಹಿಡಿದು ಕರೆತಂದು, ಜಗುಲಿಯ ಮೇಲೆ ಕೂರಿಸಿ, ಎರಡನೆಯದನ್ನು ತಾನೇ ಗಟ್ಟಿಯಾಗಿ ಓದಿ ಕೇಳಿಸತೊಡಗಿದಳು.