ಶಾಫ್ಟಿನ ಸುತ್ತಲಿನ ಹುಲ್ಲು

ನಂದಿದುರ್ಗ ಚಿನ್ನದ ಗಣಿಗೆ ಇಳಿಯುವ, ಈಗ ಮುಚ್ಚಿದ ಶಾಫ್ಟಿನ ಸುತ್ತ ಆಳೆತ್ತರದ ಹುಲ್ಲು. ಗಾಳಿಯಿಲ್ಲದ ಸಂಜೆಯಲ್ಲೂ ಅದು ಅಲ್ಲಾಡುತ್ತಿತ್ತು. ಗಣಿಯೊಳಗೆ ಸತ್ತವರು ಉಸಿರು ಬಿಡುತ್ತಾರೆ ಎಂದು ಗಣಿ ಕಾರ್ಮಿಕರ ಲೈನ್ ಮನೆಗಳ ಜನ ಅತ್ತ ಹೋಗುತ್ತಿರಲಿಲ್ಲ. ಸೊಣ್ಣಪ್ಪ ಮಾತ್ರ ಬೇಸಿಗೆ ಬಂತೆಂದರೆ ಹೋಗಿ ಹುಲ್ಲಿಗೆ ಬೆಂಕಿ ಇಟ್ಟು ಬರುತ್ತಿದ್ದ. ಅವನ ಅಪ್ಪ ಆ ಗಣಿಯ ಕಲ್ಲುದೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತವನು. ಹೊಗೆ ಹಾಕಿದರೆ ಅಪ್ಪನಿಗೆ ಬೀಡಿ ಕೊಟ್ಟಂತೆ ಎಂಬುದು ಮಗನ ನಂಬಿಕೆ.

"ಈ ಸಲ ಸುಡಬ್ಯಾಡಿ ಮಾಮ," ಎಂದಳು ಸೊಸೆ ಶ್ಯಾಮಲ. "ಬಂಗಾರಪೇಟೆ ತಾವ ನಮ್ಮ ಸಂಘದೋರು ಮಿಷನ್ ಹಾಕವ್ರೆ. ಒಣಗಿದ ಉಲ್ಲ ಪುಡಿ ಮಾಡಿ ಒತ್ತಿದ್ರೆ ಸೌದೆ ತುಂಡಿನಂಗಾಯ್ತದೆ. ಬಾಯ್ಲರಿಗೂ ಆಯ್ತದೆ, ಓಟ್ಲು ಒಲೆಗೂ ಆಯ್ತದೆ."

"ಉಲ್ಲು ಏನ್ ಉರಿತದೆ? ಪುರ್ ಅಂದು ಬೂದಿಯಾಯ್ತದೆ."

"ಬಿಡಿ ಉಲ್ಲು ಅಂಗೇ. ಒತ್ತಿದ್ದು ನಿದಾನಕ್ಕೆ ಉರಿತದೆ. ಬುಡ ಬಿಟ್ಟು ಕುಯ್ದ್ರೆ ಮಳೆಗೆ ತಿರ್ಗಾ ಚಿಗುರ್ತದೆ."

"ಸತ್ತೋರ ಸೊತ್ತು ಕಣಮ್ಮ ಅದು. ನಮಗ್ಯಾಕೆ?"

ಮರುದಿನ ಸಂಜೆ ಸೊಣ್ಣಪ್ಪ ಯಾರಿಗೂ ಹೇಳದೆ ಹೊರಟ. ಹುಲ್ಲಿನ ಅಂಚಿಗೆ ಕಡ್ಡಿ ಗೀರಿದ. ಬೆಂಕಿ ಹತ್ತಿತು, ಹೊಗೆ ಎದ್ದಿತು.

ಒಳಗಿಂದ ಯಾರೋ ಕೆಮ್ಮಿದರು.

ಅದೇ ಒಣ ಕೆಮ್ಮು. ನಿಂತು, ಎಳೆದು, ಮತ್ತೆ ಕೆಮ್ಮುವ ಅಪ್ಪನ ಕೆಮ್ಮು.

"ಅಪ್ಪಾ, ಒಗೆ ಆಕಿವ್ನಿ, ಸೇದು," ಎಂದು ಸೊಣ್ಣಪ್ಪ ಕೈಮುಗಿದ.

"ಮಾಮ... ನಾನು... ದಾರಿ ಕಾಣಾಕಿಲ್ಲ."

ಅದು ಶ್ಯಾಮಲಳ ದನಿ! ಸೊಣ್ಣಪ್ಪ ಹೆಗಲ ಕಂಬಳಿಯಿಂದ ಬೆಂಕಿ ಬಡಿಯುತ್ತಾ ಒಳಗೆ ನುಗ್ಗಿ, ಸೊಸೆಯ ರಟ್ಟೆ ಹಿಡಿದು ಎಳೆತಂದ. ಅವಳ ತಲೆಗೂದಲು ಸೀದಿತ್ತು. ಕುಡುಗೋಲು ಕೈಯಲ್ಲೇ ಇತ್ತು. ಮಾವ ಬೆಂಕಿ ಇಡುವ ಮುಂಚೆ ಕೊಯ್ದುಬಿಡೋಣವೆಂದು ಒಬ್ಬಳೇ ಬಂದಿದ್ದಳು.

"ನಿನ್ನ ಸುಟ್ಟಾಕ್ತಿದ್ನಲ್ಲಮ್ಮ," ಎಂದು ಮುದುಕ ಬಿಕ್ಕಿಬಿಕ್ಕಿ ಅತ್ತ.

ಎರಡು ದಿನ ಬಿಟ್ಟು, ಸುಡದೆ ಉಳಿದ ಹುಲ್ಲು ಕೊಯ್ಯಲು ಸಂಘದ ಹೆಂಗಸರ ಜೊತೆ ಅವನೂ ಕುಡುಗೋಲು ಹಿಡಿದ. "ಶಾಫ್ಟಿನ ಬಿರುಕಿಂದ ಗಾಳಿ ಬತ್ತದೆ ಮಾಮ, ಅದಕ್ಕೇ ಅಲ್ಲಾಡೋದು," ಎಂದಳು ಶ್ಯಾಮಲ. ಸೊಣ್ಣಪ್ಪ ಹೂಂಗುಟ್ಟಿದ. ಆದರೂ ಶಾಫ್ಟಿನ ಬೇಲಿಯಾಚೆಯ ಹುಲ್ಲು ಬಾಗಿದಾಗ ಅತ್ತ ತಿರುಗಿ ನೋಡುತ್ತಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಒಣಹುಲ್ಲು ಸುಡಬೇಡಿ. ಬುಡ ಉಳಿಸಿ ಕೊಯ್ದು ಇಂಧನ ಮಾಡುವವರಿಗೆ ಕೊಡಿ. ಒಬ್ಬೊಬ್ಬರೇ ಹೋಗಬೇಡಿ. ಶಾಫ್ಟಿನ ಬೇಲಿ ದಾಟಬೇಡಿ, ಚಿನ್ನ ತೆಗೆದ ಮೇಲೆ ಸುರಿದ ವಿಷಮಣ್ಣಿನ ಸಯನೈಡ್ ದಿಬ್ಬದ ಹುಲ್ಲು ಮುಟ್ಟಬೇಡಿ. ಆಳೆತ್ತರದ ಹುಲ್ಲಿನೊಳಗೆ ಯಾರಿದ್ದಾರೆಂದು ಹೊರಗೆ ನಿಂತವರಿಗೆ ಕಾಣುವುದಿಲ್ಲ. ಒಳಗಿದ್ದವರಿಗೆಲ್ಲ ಕೂಗಿ ಹೇಳುವಷ್ಟು ಉಸಿರು ಉಳಿದಿರುವುದಿಲ್ಲ.