ಮಾರಮ್ಮನ ಕಟ್ಟೆಯ ಪಟ್ಟೆಕಲ್ಲು

ಜಪಾನಿನವರು ಮೂರೇ ಸಾಲಿನಲ್ಲಿ ಪದ್ಯ ಮುಗಿಸುತ್ತಾರಂತೆ. ಮೈಸೂರಿನಲ್ಲಿದ್ದ ಗೆಳೆಯ ನಂಜುಂಡಸ್ವಾಮಿ ಕಾಗದ ಬರೆದು ನನ್ನ ತಲೆಗೆ ಈ ಹುಳ ಬಿಟ್ಟ. 'ನಿನ್ನ ನೂರು ಸಾಲಿನ ಪದ್ಯಗಳನ್ನು ಪತ್ರಿಕೆಯವರು ವಾಪಸು ಕಳಿಸಿದ್ದು ಸಾಕು. ಹೊಳೆಯ ನುಣುಪುಕಲ್ಲೊಂದನ್ನು ಎದುರಿಗಿಟ್ಟುಕೋ. ಕಂಡಷ್ಟನ್ನೇ ಬರೆ, ಉಪದೇಶ ಬೇಡ' ಎಂದಿದ್ದ. ಉಪದೇಶ ಬೇಡ ಅನ್ನುವುದೂ ಒಂದು ಉಪದೇಶವೇ ತಾನೇ ಎಂದು ಸಿಟ್ಟು ಬಂತು. ಆದರೂ ಮಾರನೆಯ ದಿನವೇ ಕಲ್ಲು ಹುಡುಕಲು ಹೊರಟೆ.

ಅದು ಐವತ್ತಾರನೇ ಇಸವಿ. ನಾನು ಅಂತರಸಂತೆಯಲ್ಲಿ ಮೇಷ್ಟ್ರು. ಕೆ.ಆರ್. ನಗರದ ಗದ್ದೆಬಯಲಿನಿಂದ ಈ ಕಾಡಂಚಿಗೆ ವರ್ಗವಾಗಿ ಆರು ತಿಂಗಳಾಗಿತ್ತು, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೊಳೆಯಿಂದ ಜೇಬು ತುಂಬ ಕಲ್ಲು ತಂದೆ. ಒಂದೂ ನನ್ನ ಜೊತೆ ಮಾತಾಡಲಿಲ್ಲ. ಎಲ್ಲವನ್ನೂ ಹಿತ್ತಲಿಗೆ ಎಸೆದೆ.

ಗುರುವಾರ ಸಂಜೆ ತಿರುಗಾಡುತ್ತ ಕಾಡಿನ ದಾರಿ ಶುರುವಾಗುವಲ್ಲಿಗೆ ಹೋದೆ. ಅಲ್ಲಿನ ಮಾರಮ್ಮನ ಕಟ್ಟೆಯ ಮೇಲೆ ಹತ್ತು ಕಲ್ಲುಗಳು ಸಾಲಾಗಿ ಕೂತಿದ್ದವು. ಅವುಗಳಲ್ಲೊಂದು ಕೋಳಿಮೊಟ್ಟೆಯಷ್ಟಿತ್ತು, ಕಡುಗಪ್ಪು, ನಡುವೆ ಬಿಳಿ ಪಟ್ಟೆ. ಹುಡುಗರು ಆಡಿ ಬಿಟ್ಟದ್ದಿರಬೇಕೆಂದು ಜೇಬಿಗಿಳಿಸಿದೆ. ಆ ಊರಿನ ಕೂಸೂ ಅದನ್ನು ಮುಟ್ಟುತ್ತಿರಲಿಲ್ಲ. ಓದಿದವನು ಮುಟ್ಟಿದೆ.

ಕರಿಕಲ್ಲಿನ ಮೇಲೆ
ಬಿಳಿಯ ಗೆರೆಯೊಂದು

ಇಷ್ಟು ಬಂತು. ಮೂರನೆಯ ಸಾಲು ಶುಕ್ರವಾರ ಬರಲಿಲ್ಲ, ಶನಿವಾರವೂ ಬರಲಿಲ್ಲ. ಕಲ್ಲನ್ನು ಕಿಟಕಿಯಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಮೇಜಿಗೆ ಸಾಗಿಸಿದೆ. ನೀರು ಹನಿಸಿ ನೋಡಿದೆ. ಭಾನುವಾರದ ಹೊತ್ತಿಗೆ ಅದಕ್ಕೂ ನನಗೂ ಹಗೆ ಬೆಳೆದಿತ್ತು.

ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಕುಳ್ಳಮ್ಮ ಬೀದಿಯಲ್ಲಿ ನಿಂತು ಗಂಡನಿಗೆ ಶಾಪ ಹಾಕುತ್ತಿದ್ದಳು. ಅವಳ ಗಂಡ ಕೆಂಪಯ್ಯ, ಬಿದಿರು ಕಡಿಯಲು ಒಂಬತ್ತು ಜನರ ಜೊತೆ ಕಾಡಿಗೆ ಹೋಗಿದ್ದವನು, ಶುಕ್ರವಾರ ಜೇನು ಹುಡುಕಿಕೊಂಡು ಬರುತ್ತೇನೆಂದು ಒಬ್ಬನೇ ಬೇರೆಯಾಗಿದ್ದನಂತೆ. ಉಳಿದವರು ಶನಿವಾರವೇ ಊರು ಸೇರಿದ್ದರು.

"ಕಾಡಿಂದ ಈಚೆಗೆ ಬಂದವ್ನೆ, ಮನೇಗ್ ಬಂದಿಲ್ಲ! ಯಾವಳ ಮನೇಲಿ ಮುದ್ದೆ ಉಣ್ತಾವ್ನೋ ಕೇಳ್ರಪ್ಪ!"

ಜಗಲಿಯವರೆಲ್ಲ ನಗುತ್ತಿದ್ದರು. ನಾನೂ ನಕ್ಕು, "ಬಂದಿದ್ದಾನೆ ಅಂತ ಯಾರು ಹೇಳಿದ್ರಮ್ಮ?" ಎಂದು ಕೇಳಿದೆ.

"ಯಾರ್ ಯೋಳ್ಬೇಕು ಮೇಷ್ಟ್ರೇ? ಕಾಡೊಳಕ್ಕೆ ಓಗೋರು ಮಾರಮ್ಮನ ಕಟ್ಟೆ ಮ್ಯಾಲೆ ಒಂದೊಂದು ಕಲ್ಲು ಇಕ್ಕಿ ಓಯ್ತಾರೆ. ವಾಪಸ್ ಬಂದೋರು ಅವರವರ ಕಲ್ಲು ಎತ್ತಿ ಹೊಳೆಗೆ ಆಕ್ತಾರೆ. ಕಲ್ಲು ಅಲ್ಲೇ ಉಳುದ್ರೆ ತಾನೆ ಉಡುಕ್ಕೊಂಡು ಓಗೋದು? ನಾನೇ ಆರ್ಸಿ ಕೊಟ್ಟಿದ್ದ ಪಟ್ಟೆಕಲ್ಲು ಕಣ್ರೀ, ಅಲ್ಲಿಲ್ಲ!"

ಆ ಕಲ್ಲು ನನ್ನ ಮೇಜಿನ ಮೇಲಿತ್ತು.

ಹೇಳಲು ಈಗಲೂ ನಾಚಿಕೆ. ಆಗಲೇ ಬಾಯಿ ಬಿಡಲಿಲ್ಲ. ಕಲ್ಲನ್ನು ಸದ್ದಿಲ್ಲದೆ ಕಟ್ಟೆಯ ಮೇಲಿಟ್ಟುಬಿಟ್ಟರೆ, ಯಾರಾದರೂ ಕಂಡು ತಮ್ಮದೇ ಕಣ್ಣು ತಪ್ಪಿತೆಂದು ಹುಡುಕಲು ಹೊರಡುತ್ತಾರೆ, ಮೇಷ್ಟ್ರ ಮಾನ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಹೋದೆ; ಕಟ್ಟೆಯ ಬಳಿ ಸೌದೆ ಹೊತ್ತವರು ಕೂತಿದ್ದರು. ಶಾಲೆಗೆ ಬಂದು ಮಗ್ಗಿ ಹೇಳಿಸಿದೆ, ಯಾವ ಮಗ್ಗಿಯೋ ದೇವರೇ ಬಲ್ಲ. ಮತ್ತೆ ಹೋದೆ, ದನ ಕಾಯುವವರಿದ್ದರು. ಮಧ್ಯಾಹ್ನವಾಯಿತು. ಕಾಡಿನಲ್ಲಿ ಒಬ್ಬ ಸಾಯುತ್ತಿರಬಹುದು, ನಾನು ಯಾರೂ ಇಲ್ಲದ ಗಳಿಗೆಗೆ ಕಾಯುತ್ತಿದ್ದೇನೆ! ನನ್ನ ಮೇಲೆ ನನಗೇ ಹೇಸಿಗೆಯಾಗಿ, ಬಿದಿರಿನವರ ಮೇಸ್ತ್ರಿ ದೊಡ್ಡಬೀರಯ್ಯನ ಮನೆಗೆ ಓಡಿ ಅವನ ಅಂಗೈಯಲ್ಲಿ ಕಲ್ಲಿಟ್ಟೆ.

"ಇದ್ನ ಯಾಕ್ ತಗಂಡ್ರಿ?"

"ಪದ್ಯ ಬರೆಯೋಕೆ."

ಬೈದಿದ್ದರೆ ಚೆನ್ನಾಗಿತ್ತು. ಅವನು ಮಚ್ಚು ಹಿಡಿದು ಬೀದಿಗಿಳಿದು ಜನರನ್ನು ಕೂಗಿದ.

ಹೊತ್ತು ಮುಳುಗುವ ಮೊದಲೇ ಕೆಂಪಯ್ಯ ಸಿಕ್ಕಿದ. ಪೊದೆ ಮುಚ್ಚಿದ್ದ ಹಳೆಯ ಆನೆಗುಂಡಿಗೆ ಬಿದ್ದು ಕಾಲು ಮುರಿದುಕೊಂಡಿದ್ದ. ತಳದಲ್ಲಿ ನಿಂತಿದ್ದ ಕೊಚ್ಚೆನೀರು ಅವನ ಜೀವ ಉಳಿಸಿತ್ತು. ಬಿದಿರ ತಡಿಕೆಯ ಮೇಲೆ ಹೊತ್ತು ತಂದರು. ಕಾಲು ಊದಿ ಕರ್ರಗಾಗಿತ್ತು. ಅದು ಉಳಿಯುವುದಿಲ್ಲವೆಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ತಾಲ್ಲೂಕು ಕೇಂದ್ರವಾದ ಕೋಟೆಯ ಆಸ್ಪತ್ರೆಗೆ ಒಯ್ಯಲು ಗಾಡಿ ಕಟ್ಟುವವರೆಗೆ ಜಗಲಿಯ ಮೇಲೆ ಮಲಗಿಸಿದರು. ಕುಳ್ಳಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಡುತ್ತಿದ್ದಳು. ಅಷ್ಟರಲ್ಲಿ ಅವಳಿಗೂ ಎಲ್ಲ ಗೊತ್ತಾಗಿತ್ತು.

ಕೆಂಪಯ್ಯ ನನ್ನನ್ನು ಕಂಡು, ಆ ಸ್ಥಿತಿಯಲ್ಲೂ ಕೈಮುಗಿಯಲು ನೋಡಿದ.

"ಒಂದಿನ ಕೂಗ್ದೆ ಮೇಷ್ಟ್ರೇ, ಆಮ್ಯಾಕೆ ಬುಟ್ಬುಟ್ಟೆ. ಶನಿವಾರ ಇವ್ರೆಲ್ಲ ಕಟ್ಟೆತಾವ ಬತ್ತಾರೆ, ನನ್ ಕಲ್ಲು ಕಾಣ್ತದೆ, ಉಡುಕ್ಕೊಂಡು ಬಂದೇ ಬತ್ತಾರೆ ಅಂತ ಸುಮ್ಕೆ ಮಲೀಕಂಡಿದ್ದೆ." ಆಮೇಲೆ ದೊಡ್ಡಬೀರಯ್ಯನತ್ತ ಕತ್ತು ಹೊರಳಿಸಿದ. "ಯಾಕಣ್ಣ ಇಷ್ಟ್ ತಡ ಮಾಡುದ್ರಿ?"

ದೊಡ್ಡಬೀರಯ್ಯ ಗಾಡಿಯ ಕಡೆ ನೋಡಿದ. ಕುಳ್ಳಮ್ಮ ನೀರಿನ ಚೊಂಬನ್ನು ಕೆಳಗಿಟ್ಟಳು.

"ನೀವೇ ಯೋಳಿ ಮೇಷ್ಟ್ರೇ" ಎಂದಳು.